ಜಿಪ್ಸಿಗೆ ಮೂರು ಟ್ರಾನ್ಸ್‌ಫರ್ ಕೇಸು: ಕಂಪನಿದು, 410ರದ್ದು, 4.16 ಗೇರಿನದ್ದು

ಸಕಲೇಶಪುರದ ಆಚೆ ನಮ್ಮ ಚಿಕ್ಕಪ್ಪನ ಕಾಫಿ ತೋಟದಲ್ಲಿ ಪಂಪ್‌ಹೌಸಿನಿಂದ ಕಣಕ್ಕೆ ಹತ್ತುವ ಒಂದು ಏರಿದೆ. ಉದ್ದ ನೂರೈವತ್ತು ಮೀಟರೂ ಇಲ್ಲ. ಆದರೆ ನಡುವೆ ಒಂದು ಹಾವಿನ ತಿರುವು, ತಿರುವಿನಲ್ಲೇ ಮಂಡಿಯೆತ್ತರದ ಬಂಡೆ, ಜುಲೈ ಬಂತೆಂದರೆ ಅದರ ಮೇಲೆ ಪಾಚಿ. ಕೆಳಗೆ ಬರೆದಿರುವ ಮೂರು ಟ್ರಾನ್ಸ್‌ಫರ್ ಕೇಸನ್ನೂ (ಗೇರ್‌ಬಾಕ್ಸಿನಿಂದ ಬರುವ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರಿನ ಡಬ್ಬ) ನಾನು ಓಡಿಸಿ ನೋಡಿದ್ದು ಆ ಏರಿನಲ್ಲೇ. ಹೈವೇಯಲ್ಲಿ ಹೇಗೆ ಅಂತ ನೋಡಿದ್ದು ಬೆಂಗಳೂರಿಂದ ಹಾಸನದ ಮೇಲೆ ತೋಟಕ್ಕೆ ಹೋಗಿ ಬರುವ ದಾರಿಯಲ್ಲಿ.

ಗಾಡಿ 2004ರ ಜಿಪ್ಸಿ ಕಿಂಗ್. 1298 ಸಿಸಿ, 16 ವಾಲ್ವು, ಎಂಪಿಎಫ್‌ಐ, 80 ಬಿಎಚ್‌ಪಿ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಈ ಇಂಜಿನ್ನಿನ ಶಕ್ತಿಯೆಲ್ಲ ಮೇಲಿನ ಸುತ್ತುಗಳಲ್ಲಿದೆ. ಟಾರ್ಕ್, ಅಂದರೆ ತಿರುಚು ಬಲ, ಪೂರ್ತಿ ಸಿಗೋದು ನಿಮಿಷಕ್ಕೆ 4500 ಸುತ್ತಿನ ಹತ್ತಿರ. ಬಂಡೆಯ ಮೇಲೆ ಒಂದು ಚಕ್ರ ಇಟ್ಟುಕೊಂಡು ಅಷ್ಟು ರೈಸ್ ಮಾಡೋಕಾಗುತ್ತಾ? ಹಾಫ್ ಕ್ಲಚ್ಚಲ್ಲಿ ಒದ್ದಾಡಬೇಕು, ಕ್ಲಚ್ ಸುಟ್ಟ ವಾಸನೆ ಕುಡಿಯಬೇಕು. ಇದರ ಮೇಲೆ ನಾನು ಆಸೆಗೆ ಬಿದ್ದು 235/75 ಟೈರು ಬೇರೆ ಹಾಕಿಸಿದ್ದೆ. ಕಂಪನಿ ಕೊಟ್ಟಿದ್ದ 205/70ಕ್ಕಿಂತ ಅದರ ಎತ್ತರ ಸುಮಾರು ಶೇ 10 ಜಾಸ್ತಿ. ಟೈರು ದೊಡ್ಡದಾದಷ್ಟೂ ಗೇರು ಉದ್ದವಾದ ಹಾಗೆ, ಇದ್ದ ಎಳೆತವೂ ಹೋಯಿತು.

ಹೋದ ಎಳೆತ ವಾಪಸ್ ಬೇಕೆಂದರೆ ಟ್ರಾನ್ಸ್‌ಫರ್ ಕೇಸು ಬದಲಿಸಬಹುದು. ಜಿಪ್ಸಿಯಲ್ಲಿ ಈ ಕೆಲಸ ಸುಲಭ. ಹಳೇ ಜೀಪಿನಲ್ಲಿ ಟ್ರಾನ್ಸ್‌ಫರ್ ಕೇಸು ಗೇರ್‌ಬಾಕ್ಸಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಜಿಪ್ಸಿಯಲ್ಲಿ ಅದು ಬೇರೆಯೇ ಮನೆ ಮಾಡಿದೆ. ಗೇರ್‌ಬಾಕ್ಸಿನಿಂದ ಒಂದು ಗಿಡ್ಡ ಶಾಫ್ಟು ಬಂದು ಅದನ್ನು ಸೇರುತ್ತದೆ, ಅಲ್ಲಿಂದ ಮುಂದಕ್ಕೊಂದು, ಹಿಂದಕ್ಕೊಂದು ಶಾಫ್ಟು. ಮೂರು ಶಾಫ್ಟು, ಲಿವರು, ಸ್ಪೀಡೋಮೀಟರ್ ಕೇಬಲ್ಲು, ಫೋರ್ ವೀಲ್ ಲೈಟಿನ ವೈರು, ರಬ್ಬರ್ ಮೌಂಟಿನ ಬೋಲ್ಟು. ಇಷ್ಟು ಬಿಚ್ಚಿದರೆ ಕೇಸು ಕೆಳಗೆ. ಇಬ್ಬರಿದ್ದರೆ ಒಂದು ಬೆಳಗ್ಗೆಯಲ್ಲಿ ಇಳಿಸಬಹುದು.

ಈಗ ಲೆಕ್ಕ. ಕೇಸಿನೊಳಗೆ ಎರಡು ಗೇರು: ಮಾಮೂಲು ಓಡಾಟಕ್ಕೆ ಹೈ, ಕಡಿದಾದ ಏರಿಗೆ, ಕೆಸರಿಗೆ ಲೋ. ಅಂಕಿ ದೊಡ್ಡದಾದಷ್ಟೂ ಎಳೆತ ಜಾಸ್ತಿ, ವೇಗ ಕಮ್ಮಿ. ಕಿಂಗ್‌ನ ಕೇಸಿನಲ್ಲಿ ಹೈ 1.409, ಲೋ 2.268. ಬಹಳಷ್ಟು ಗಾಡಿಗಳಲ್ಲಿ ಹೈ ಅಂದರೆ ನೇರ ಒಂದಕ್ಕೆ ಒಂದು, ಜಿಪ್ಸಿಯಲ್ಲಿ ಹಾಗಲ್ಲ, ಅಲ್ಲೂ ಒಂದು ಇಳಿಕೆ ಇದೆ. 1985ರಲ್ಲಿ ಬಂದ ಹಳೇ ಜಿಪ್ಸಿ, ಅದೇ 970 ಸಿಸಿಯ ಎಂಜಿ410, ಅದರದ್ದು 1.580 ಮತ್ತು 2.511. ಹೊರದೇಶದಿಂದ ತರಿಸುವ ಗೇರ್ ಸೆಟ್ಟಿನಲ್ಲಿ ಲೋ 4.16. ಫಸ್ಟ್ ಗೇರಿನ 3.652ಕ್ಕೆ ಲೋವನ್ನು ಗುಣಿಸಿ ನೋಡಿ: ಕಂಪನಿದು 8.3, 410ರದ್ದು 9.2, ಮೂರನೆಯದು 15.2. ಆಕ್ಸಲ್ಲಿನ ಗೇರು ಮೂರಕ್ಕೂ ಒಂದೇ, ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಮೊದಲು ಕಂಪನಿಯ ಕೇಸು. ಇದರ ವಿಷಯದಲ್ಲಿ ನಾನು ಒಂದು ಮಳೆಗಾಲ ಪೂರ್ತಿ ಸುಮ್ನೆ ಬೈದುಕೊಂಡು ಓಡಾಡಿದೆ. ಬಂಡೆಯ ಹತ್ತಿರ ಕ್ಲಚ್ ಬಿಟ್ಟ ಕೂಡಲೇ ಕಾಲಡಿಯಲ್ಲಿ ದಡ್ ಅನ್ನುತ್ತಿತ್ತು, ಗಾಡಿ ಕುಪ್ಪಳಿಸುತ್ತಿತ್ತು, ಲಿವರು ಕೈಯಲ್ಲಿ ನಡುಗುತ್ತಿತ್ತು. ಗೇರು ಸಾಲುತ್ತಿಲ್ಲ ಅಂತಲೇ ನನ್ನ ತೀರ್ಮಾನ. ಹಾಸನದ ಮೇಸ್ತ್ರಿ ಕೆಳಗೆ ಮಲಗಿ, ಒಂದು ರಾಡು ಕೊಟ್ಟು ಕೇಸನ್ನು ಮೀಟಿದರು. "ಇಲ್ಲಿ ನೋಡಿ ಸಾರ್" ಅಂದರು. ಒಂದು ಮೌಂಟಿನ ರಬ್ಬರು ಕಬ್ಬಿಣದಿಂದ ಬಿಟ್ಟುಕೊಂಡು ಬಾಯಿ ತೆರೆದಿತ್ತು, ಬೆರಳು ತೂರುವಷ್ಟು. ಇನ್ನೊಂದು ಎಣ್ಣೆ ಕುಡಿದು ಹಲಸಿನ ತೊಳೆಯ ಹಾಗೆ ಮೆತ್ತಗಾಗಿತ್ತು. ಮೂರೂ ರಬ್ಬರು, ಗಿಡ್ಡ ಶಾಫ್ಟಿನ ಕ್ರಾಸು (ತುದಿಯ ಕೀಲು), ಕ್ಲಚ್ ಪ್ಲೇಟು ಹೊಸದು ಹಾಕಿ ಅದೇ ಏರಿಗೆ ಹೋದರೆ ಅರ್ಧ ರಗಳೆ ಅಲ್ಲೇ ಮುಗಿದಿತ್ತು. ಕೇಸು ಬದಲಿಸಬೇಕು ಅಂತ ಹೊರಟವರು ಮೊದಲು ಆ ರಾಡಿನ ಪರೀಕ್ಷೆ ಮಾಡಿಸಿ. ಟೈರು ಕಂಪನಿಯ ಅಳತೆಯದೇ ಆಗಿದ್ದರೆ ನಿಮಗೆ ಬಹುಶಃ ಇನ್ನೇನೂ ಬೇಕಾಗಲ್ಲ.

ನನಗೆ ಬೇಕಾಯಿತು, ಟೈರಿನ ದೆಸೆಯಿಂದ. ಹಾಗಾಗಿ 410ರ ಕೇಸು.

ಇದು ಹೊಸದು ಸಿಗಲ್ಲ, ಗುಜರಿಯೇ ಗತಿ. ಶಿವಾಜಿನಗರದಲ್ಲಿ ಎರಡು ಭಾನುವಾರ ಅಲೆದೆ. ಅಂಗಡಿಯವರಿಗೆ ಎಲ್ಲಾ ಕೇಸೂ "ಫೋರ್ ಟೆನ್ದೇ". ಹೊರಗಿಂದ ನೋಡಿದರೆ ನನ್ನಂಥವನಿಗೆ ಎಲ್ಲವೂ ಒಂದೇ ಥರದ ಮಣ್ಣು ಮೆತ್ತಿದ ಮುದ್ದೆ. ಅದಕ್ಕೊಂದು ಉಪಾಯ ಇದೆ. ಲೋಗೆ ಹಾಕಿ, ಒಳಬರುವ ಫ್ಲ್ಯಾಂಜಿಗೂ (ಶಾಫ್ಟಿಗೆ ಬೋಲ್ಟ್ ಆಗುವ ಬಿಲ್ಲೆ) ಹೊರಹೋಗುವ ಫ್ಲ್ಯಾಂಜಿಗೂ ಚಾಕ್‌ಪೀಸಿನಲ್ಲಿ ಒಂದೊಂದು ಗೆರೆ ಎಳೆಯಿರಿ. ಒಳಗಿನದನ್ನು ಕೈಯಲ್ಲಿ ಸರಿಯಾಗಿ ಐದು ಸುತ್ತು ತಿರುಗಿಸಿ. 410 ಆಗಿದ್ದರೆ ಹೊರಗಿನ ಗೆರೆ ಎರಡು ಸುತ್ತು ಮುಗಿಸಿ ಮೊದಲಿದ್ದ ಜಾಗಕ್ಕೇ ಬಂದು ನಿಲ್ಲುತ್ತದೆ. ಕಿಂಗ್‌ನದಾಗಿದ್ದರೆ ಎರಡು ಸುತ್ತು ದಾಟಿ ಇನ್ನೂ ಐದನೇ ಒಂದು ಭಾಗ ಮುಂದೆ ಹೋಗಿರುತ್ತದೆ. ಮೊದಲ ಎರಡು ಅಂಗಡಿಯಲ್ಲಿ ಗೆರೆ ಮುಂದೆ ಹೋಯಿತು, ಮೂರನೆಯದರಲ್ಲಿ ನಿಂತಿತು. ನಿಮ್ಮ ಗಾಡಿಯ ಶಾಫ್ಟ್ ಒಂದನ್ನು ಜೊತೆಗೇ ಒಯ್ಯಿರಿ, ಬೋಲ್ಟಿನ ತೂತು ಕೂಡುತ್ತದಾ ಅಂತ ಅಲ್ಲೇ ನೋಡಿಬಿಡಿ. ಆಯಿಲ್ ಪ್ಲಗ್ ಬಿಚ್ಚಿ ಬೆರಳಿಟ್ಟು ನೋಡೋದನ್ನೂ ಮರೆಯಬೇಡಿ. ಎಣ್ಣೆ ಹಾಲು ಹಾಕಿದ ಕಾಫಿ ಥರ ಇದ್ದರೆ ಒಳಗೆ ನೀರು ಹೋಗಿದೆ.

ಬೇರಿಂಗು, ಸೀಲು ಹೊಸದು ಹಾಕಿ ಕೂರಿಸಿದೆವು. ಏರಿನಲ್ಲಿ ಏನಾಯಿತು? ನಿಜ ಹೇಳಬೇಕೆಂದರೆ ದೊಡ್ಡ ಪವಾಡ ಏನೂ ಆಗಲಿಲ್ಲ. ಲೋನಲ್ಲಿ ಸಿಕ್ಕಿದ್ದು ಶೇ 11, ಹೈನಲ್ಲಿ ಶೇ 12. ಟೈರು ಕಿತ್ತುಕೊಂಡಿದ್ದು ಶೇ 10. ಅಂದರೆ ಟೈರು ತಿಂದದ್ದನ್ನು ಈ ಕೇಸು ವಾಪಸ್ ಕೊಟ್ಟಿತು, ಜೊತೆಗೆ ಚಿಲ್ಲರೆ ಒಂದಿಷ್ಟು. ಬಂಡೆಯ ಹತ್ತಿರ ಈಗಲೂ ಕ್ಲಚ್ ಬೇಕು, ಆದರೆ ವಾಸನೆ ಬರುವಷ್ಟಲ್ಲ. ನನಗೆ ಖುಷಿ ಕೊಟ್ಟದ್ದು ಹೈವೇ. ದೊಡ್ಡ ಟೈರು ಹಾಕಿದ ಮೇಲೆ ಸತ್ತೇ ಹೋಗಿದ್ದ ಐದನೇ ಗೇರು ಎದ್ದು ಕೂತಿತು. ಚನ್ನರಾಯಪಟ್ಟಣದ ಹತ್ತಿರದ ಸಣ್ಣ ಏರಿಗೂ ನಾಲ್ಕಕ್ಕೆ ಇಳಿಸುತ್ತಿದ್ದೆ, ಈಗ ಇಳಿಸಲ್ಲ. ಆದರೆ ಟೈರು ಕಂಪನಿ ಅಳತೆಯದೇ ಇಟ್ಟುಕೊಂಡು ಇದನ್ನು ಹಾಕಬೇಡಿ. ಮೊದಲು 3000 ಸುತ್ತಿನಲ್ಲಿ ಓಡುತ್ತಿದ್ದ ವೇಗಕ್ಕೆ ಇಂಜಿನ್ನು 3360 ಸುತ್ತಬೇಕು. ಮೊದಲೇ ಜಿಪ್ಸಿಯ ಸದ್ದು, ಕಿವಿ ಹೋಗುತ್ತದೆ.

ತುಂಬಾ ಜನ ಕೇಳುವ ಪ್ರಶ್ನೆ: ಸ್ಪೀಡೋಮೀಟರು ಕೆಡುತ್ತಾ? ಇಲ್ಲ. ಅದರ ಕೇಬಲ್ಲು ಕೇಸಿನಿಂದ ಹೊರಹೋಗುವ ಕಡೆಗೆ ಕೂತಿದೆ, ಒಳಗೆ ಯಾವ ಗೇರು ಇದ್ದರೂ ಅದಕ್ಕೆ ಲೆಕ್ಕಕ್ಕಿಲ್ಲ. ಟೈರು ಬದಲಾದರೆ ಮಾತ್ರ ಸುಳ್ಳು ಹೇಳುತ್ತದೆ, ನನ್ನದು ಹೇಳುತ್ತಿದೆ.

ಇನ್ನು 4.16. ಇದನ್ನು ನಾನು ಕೊಳ್ಳಲಿಲ್ಲ. ಗೆಳೆಯನ ಜಿಪ್ಸಿಯಲ್ಲಿದೆ, ಎರಡು ದಿನ ನನ್ನ ಕೈಗೆ ಕೊಟ್ಟಿದ್ದ. ಹೊರಗಿನ ಡಬ್ಬ ಕಂಪನಿಯದೇ, ಒಳಗಿನ ಗೇರು ಮಾತ್ರ ಬೇರೆ. ಫಸ್ಟ್, ಲೋ, ಕ್ಲಚ್ ಬಿಟ್ಟು ಎರಡೂ ಕಾಲು ಎತ್ತಿ ಕೂತೆ. ಗಾಡಿ ತಾನಾಗಿ ಆ ಬಂಡೆ ಹತ್ತಿತು. ಒಂದು ಚಕ್ರ, ಆಮೇಲೆ ಇನ್ನೊಂದು, ಆಮೇಲೆ ಹಿಂದಿನವು, ಎಮ್ಮೆ ಕೆರೆಯಿಂದ ಎದ್ದು ಬರುವ ಹಾಗೆ. ನನ್ನದು ಹೀಗೆ ಬಿಟ್ಟರೆ ಗಂಟೆಗೆ 3 ಕಿ.ಮೀ. ಆಸುಪಾಸಿನಲ್ಲಿ ನಡೆಯುತ್ತದೆ, ಇದು 2 ಕೂಡ ಇಲ್ಲ. ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಳಿದು ನಡೆದಿದ್ರೆ ಇಷ್ಟೊತ್ತಿಗೆ ಕಾಫಿ ಕುಡೀತಿದ್ದೆ ಕಣೋ" ಅಂದರು.

ಇಳಿಯುವಾಗಲಂತೂ ಇದರ ಮುಂದೆ ಉಳಿದೆರಡೂ ಲೆಕ್ಕಕ್ಕಿಲ್ಲ. ಒದ್ದೆ ಕೆಸರಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ಕಚ್ಚಿಕೊಂಡು ಗಾಡಿ ಜಾರುತ್ತದೆ. ಇದರಲ್ಲಿ ಬ್ರೇಕಿನ ಮೇಲೆ ಕಾಲೇ ಇಡಲಿಲ್ಲ, ಇಂಜಿನ್ನೇ ಹಿಡಿದುಕೊಂಡು ಇಳಿಸಿತು.

ಹಾಗಿದ್ದೂ ನಾನೇಕೆ ಹಾಕಿಸಲಿಲ್ಲ? ಹಣ ಒಂದು ಕಾರಣ. ಕಸ್ಟಮ್ಸ್ ಸೇರಿ ಅವನಿಗಾದ ಖರ್ಚಿನ ಕಾಲು ಭಾಗ ಕೂಡ ನನಗೆ ಗುಜರಿ ಕೇಸಿನಲ್ಲಿ ಆಗಲಿಲ್ಲ. ಅದಕ್ಕಿಂತ ದೊಡ್ಡ ಕಾರಣ, ಈ ಬಲ ಮುಂದೆ ಎಲ್ಲಿಗೆ ಹೋಗುತ್ತದೆ ಅನ್ನೋದು. ಹತ್ತಿರ ಹತ್ತಿರ ಎರಡು ಪಟ್ಟು ತಿರುಚು ಬಲ ಅದೇ ಹಳೇ ಆಕ್ಸಲ್ಲಿಗೆ, ಅದೇ ಮೂರು ರಬ್ಬರಿಗೆ. ಅವನ ಗಾಡಿಯಲ್ಲಿ ಕೇಸು ಮೌಂಟಿನ ಮೇಲೇ ಹೊರಳಲು ಶುರುವಾಗಿ, ಚಾಸಿಗೆ ಸೇರಿಸಿ ಒಂದು ಪಟ್ಟಿ ಕೊಡಬೇಕಾಯಿತು. ಆಮೇಲೆ ಒಂದು ದಿನ ಸ್ಟೇರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿಟ್ಟು ಬಂಡೆ ಹತ್ತಿಸುವಾಗ ಮುಂದಿನ ಆಕ್ಸಲ್ ಜಾಯಿಂಟು ಟಕ್ ಅಂತ ಮುರಿಯಿತು. ಕ್ಲಚ್ಚಾದರೆ ಜಾರಿ ವಾಸನೆಯಲ್ಲಿ ಎಚ್ಚರಿಸುತ್ತಿತ್ತು, ಆಕ್ಸಲ್ಲು ಎಚ್ಚರಿಸಲ್ಲ. ಬಲಗಾಲು ಹಗುರ ಇದ್ದವರಿಗೆ, ಬಂಡೆ ಹತ್ತೋದೇ ಹವ್ಯಾಸ ಆಗಿರುವವರಿಗೆ 4.16ಕ್ಕೆ ಸಮ ಯಾವುದೂ ಇಲ್ಲ. ಗೊಬ್ಬರ ಹೊರುವ, ಆಳುಗಳನ್ನು ಕೂರಿಸಿಕೊಂಡು ಬರುವ, ತಿಂಗಳಿಗೆರಡು ಸಲ ಬೆಂಗಳೂರಿಗೆ ಓಡುವ ಗಾಡಿಗೆ ನಾನಂತೂ ಹಾಕಲ್ಲ.

ಕೇಸು ಯಾವುದಾದರೂ ಇರಲಿ, ಜಿಪ್ಸಿಯಲ್ಲಿ ನಡುವೆ ಡಿಫರೆನ್ಷಿಯಲ್ ಇಲ್ಲ, ಅಂದರೆ ತಿರುವಿನಲ್ಲಿ ಮುಂದಿನ, ಹಿಂದಿನ ಶಾಫ್ಟುಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಇಲ್ಲ. ಡಾಂಬರಿನ ಮೇಲೆ ಲೋ ಹಾಕಿ ತಿರುಗಿಸಬೇಡಿ, ಲಿವರು ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡರೆ ಗುದ್ದಬೇಡಿ, ನಾಲ್ಕು ಅಡಿ ರಿವರ್ಸ್ ತೆಗೆದರೆ ತಾನಾಗಿ ಬಿಡುತ್ತದೆ.

ನನ್ನ ಗಾಡಿಯಲ್ಲಿ ಈಗ ಇರುವುದು 410. 60 ದಾಟಿದ ಮೇಲೆ ಒಳಗೆ ಜೀರುಂಡೆ ಕೂತ ಹಾಗೆ ಸಣ್ಣಗೆ ಕೂಗುತ್ತದೆ. ಗುಜರಿ ಗೇರಿನ ಹಲ್ಲು ಸವೆದಿದೆ ಅಂತ ಮೇಸ್ತ್ರಿ, ಬೇರಿಂಗಿನ ಶಿಮ್ (ಸಂದು ತುಂಬುವ ತೆಳು ಬಿಲ್ಲೆ) ಸರಿ ಕೂತಿಲ್ಲ ಅಂತ ನಾನು. ಹಿಡಿಯೋದು 800 ಎಂಎಲ್ ಎಣ್ಣೆ ಅಷ್ಟೇ, ಈ ಸಲ ಮಳೆಗೆ ಮೊದಲು ಅದನ್ನು ಬಸಿದು ಬಿಚ್ಚಿ ನೋಡಬೇಕು.