ಹೊಸ ಊರಿಗೆ ಮನೆ ಸಾಗಿಸುವ ಸೇವೆ: ಸಾಮಾನು ಇಳಿಸುವ ದಿನದ ಲೆಕ್ಕ

ಹೊಸ ನಗರಕ್ಕೆ ಹೊರಟವರು ಪ್ಯಾಕರ್ಸ್ ಅಂಡ್ ಮೂವರ್ಸ್ ಸಂಸ್ಥೆಯೊಂದನ್ನು ಆರಿಸುವಾಗ ಸಾಮಾನ್ಯವಾಗಿ ವಿಚಾರಿಸುವುದು ಎರಡು ಸಂಗತಿಗಳನ್ನು: ಎಷ್ಟು ಹಣ ಕೇಳುತ್ತಾರೆ, ಪ್ಯಾಕಿಂಗ್ ಹೇಗೆ ಮಾಡುತ್ತಾರೆ. ಈಚೆಗೆ ನಮ್ಮ ಕುಟುಂಬ ಊರು ಬದಲಿಸಿದಾಗ ಇಂಥ ಒಂದು ಸಂಸ್ಥೆಯಿಂದ ಮನೆ ಹುಡುಕಿಕೊಡುವ ನೆರವು, ಪ್ಯಾಕಿಂಗ್, ಸಾಗಣೆ, ಗೋದಾಮು ಎಲ್ಲವನ್ನೂ ಪಡೆದುಕೊಂಡೆವು. ಆ ಅನುಭವದ ಮೇಲೆ ಹೇಳುವುದಾದರೆ, ಇಂಥ ಸೇವೆಯ ನಿಜವಾದ ಯೋಗ್ಯತೆ ಗೊತ್ತಾಗುವುದು ಸಾಮಾನು ಇಳಿಸುವ ಊರಿನಲ್ಲಿ. ಬಿಟ್ಟು ಹೋಗುವ ಊರಿನಲ್ಲಿ ಏನಾದರೂ ಎಡವಟ್ಟಾದರೆ ನೆರೆಹೊರೆಯವರಿರುತ್ತಾರೆ, ಪರಿಚಯದ ಬಡಗಿ, ಎಲೆಕ್ಟ್ರಿಷಿಯನ್ ಇರುತ್ತಾರೆ. ಹೋಗಿ ಸೇರುವ ಊರಿನಲ್ಲಿ ಮೊದಲ ದಿನ ನೆರವಿಗೆ ಸಿಗುವವರು ಲಾರಿಯ ಜೊತೆ ಬಂದ ಕೆಲಸಗಾರರು ಮಾತ್ರ. ಆದ್ದರಿಂದ ಕರಾರಿಗೆ ಸಹಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆಗಳಲ್ಲಿ ಹೆಚ್ಚಿನವು ಆ ಊರಿಗೆ, ಆ ಮನೆಗೆ, ಆ ದಿನಕ್ಕೆ ಸಂಬಂಧಿಸಿರಬೇಕು.

ಸಮೀಕ್ಷೆಗೆ ಸಂಸ್ಥೆಯ ಪ್ರತಿನಿಧಿ ಮನೆಗೇ ಬಂದರು. ಫೋನಿನಲ್ಲಿ ಎಷ್ಟು ಕೋಣೆಗಳಿವೆ ಎಂದು ಕೇಳಿ ಅಂದಾಜು ಹೇಳುವವರಿಗಿಂತ ಇದು ಎಷ್ಟೋ ಮೇಲು. ಮಂಚದ ಕೆಳಗಿದ್ದದ್ದು, ಅಟ್ಟದ ಮೇಲಿದ್ದದ್ದು, ಬಾಲ್ಕನಿಯಲ್ಲಿದ್ದದ್ದು ಎಲ್ಲವನ್ನೂ ಪಟ್ಟಿಗೆ ಸೇರಿಸಿ ಘನ ಅಡಿಗಳಲ್ಲಿ ಲೆಕ್ಕ ಕೊಟ್ಟರು. ಕೆಲವು ಸಂಸ್ಥೆಗಳು ಘನ ಮೀಟರಿನಲ್ಲಿ, ಇನ್ನು ಕೆಲವು ತೂಕದಲ್ಲಿ ದರ ಹೇಳುವುದರಿಂದ ಎರಡು ಮೂರು ದರಪಟ್ಟಿಗಳನ್ನು ಹೋಲಿಸುವ ಮೊದಲು ಎಲ್ಲವನ್ನೂ ಒಂದೇ ಅಳತೆಗೆ ತಂದುಕೊಳ್ಳಬೇಕು. 1 ಘನ ಮೀಟರ್ ಎಂದರೆ ಸುಮಾರು 35.3 ಘನ ಅಡಿ. ಇಷ್ಟು ಜಾಗ್ರತೆಯಿಂದ ಹಳೆಯ ಮನೆಯನ್ನು ನೋಡಿದವರು ಹೊಸ ಮನೆಯ ಬಗ್ಗೆ ಕೇಳಿದ್ದು ವಿಳಾಸ ಮತ್ತು ಮಹಡಿಯ ಸಂಖ್ಯೆಯನ್ನಷ್ಟೆ. ಮುಂದೆ ಎದುರಾದ ತೊಂದರೆಗಳಿಗೆಲ್ಲ ಮೂಲ ಅಲ್ಲಿತ್ತು.

ಪ್ಯಾಕಿಂಗ್ ಮಾತ್ರ ಈ ಸೇವೆಯ ಅತ್ಯುತ್ತಮ ಭಾಗ ಎಂದು ಸಂಕೋಚವಿಲ್ಲದೆ ಹೇಳುತ್ತೇನೆ. ಪುಸ್ತಕಗಳನ್ನು ಚಿಕ್ಕ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿದರು, ಏಕೆಂದರೆ ದೊಡ್ಡ ಪೆಟ್ಟಿಗೆಗೆ ಪುಸ್ತಕ ತುಂಬಿದರೆ ಎತ್ತುವಾಗ ತಳ ಬಿಟ್ಟುಕೊಳ್ಳುತ್ತದೆ. ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸದೆ ಕಾಗದ ಸುತ್ತಿ ಅಂಚಿನ ಮೇಲೆ ನಿಲ್ಲಿಸಿದರು. ಟಿವಿಯನ್ನು ನೆಟ್ಟಗೆ ನಿಲ್ಲಿಸಿಯೇ ಸಾಗಿಸಿದರು. ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ, ಐಸು ಕರಗಿಸಿ, ಒಳಗಿನ ತೇವ ಒರೆಸಿಡುವಂತೆ ಮುಂಚಿತವಾಗಿ ತಿಳಿಸಿದ್ದರು. ಅದನ್ನು ಮಲಗಿಸಿ ಸಾಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗಳೊಳಗೆ ಹರಿಯುವ ಸಂಭವವಿರುವುದರಿಂದ, ಹಾಗೆ ಮಾಡಬೇಕಾಗಿ ಬಂದಲ್ಲಿ ಹೊಸ ಮನೆಯಲ್ಲಿ ಹಲವು ಗಂಟೆ ನೆಟ್ಟಗೆ ನಿಲ್ಲಿಸಿ ಆಮೇಲೆ ಸ್ವಿಚ್ ಹಾಕಬೇಕು ಎಂಬುದನ್ನು ಮೇಲ್ವಿಚಾರಕರು ವಿವರಿಸಿದರು. ಮುಂಭಾಗದಿಂದ ಬಟ್ಟೆ ಹಾಕುವ (ಫ್ರಂಟ್ ಲೋಡ್) ವಾಷಿಂಗ್ ಮಶೀನ್ ಇರುವವರು ಇನ್ನೊಂದು ವಿಷಯ ಗಮನಿಸಬೇಕು. ಅದು ಅಂಗಡಿಯಿಂದ ಬಂದಾಗ ಹಿಂಬದಿಯಲ್ಲಿ ಒಳಗಿನ ಡ್ರಮ್ಮನ್ನು ಅಲುಗದಂತೆ ಹಿಡಿದ ಉದ್ದನೆಯ ಬೋಲ್ಟುಗಳಿರುತ್ತವೆ. ಊರು ಬದಲಿಸುವಾಗ ಅವನ್ನು ಮತ್ತೆ ಹಾಕಿಸದಿದ್ದರೆ ದಾರಿಯ ಕುಲುಕಾಟಕ್ಕೆ ಡ್ರಮ್ಮಿನ ಸ್ಪ್ರಿಂಗುಗಳು ಕೆಡಬಹುದು. ಇಲ್ಲಿ ಕೆಲಸಗಾರರೇ ಅವನ್ನು ಕೇಳಿ ಪಡೆದು ಬಿಗಿದರು.

ಬಣ್ಣ, ಥಿನ್ನರ್, ಆಸಿಡ್, ಅನಿಲ ಸಿಲಿಂಡರ್‌ಗಳಂಥ ಬೆಂಕಿ ಹೊತ್ತಿಕೊಳ್ಳುವ ಅಥವಾ ಸುಡುವ ವಸ್ತುಗಳನ್ನು ಅವರು ಲಾರಿಗೆ ಹತ್ತಿಸಲಿಲ್ಲ, ಹತ್ತಿಸಲೂ ಬಾರದು. ಚಿನ್ನ, ನಗದು, ಲ್ಯಾಪ್‌ಟಾಪ್, ಶಾಲೆ ಕಾಲೇಜುಗಳ ಪ್ರಮಾಣಪತ್ರ, ಗುರುತಿನ ಚೀಟಿ, ನಿತ್ಯದ ಔಷಧ, ವೈದ್ಯರ ಚೀಟಿ ಇವೆಲ್ಲ ಕೈಚೀಲದಲ್ಲಿ ನಿಮ್ಮೊಂದಿಗೇ ಬರಬೇಕು. ಬಾಡಿಗೆ ಕರಾರು, ಸಿಮ್, ಬ್ಯಾಂಕು, ಮಕ್ಕಳ ಶಾಲೆ, ಎಲ್ಲ ಕಡೆಯೂ ಮೊದಲ ವಾರದಲ್ಲಿ ಕೇಳುವುದು ಇವೇ ಕಾಗದಗಳನ್ನು, ಲಾರಿ ತಡವಾದರೆ ಇವೂ ತಡವಾಗಬಾರದು.

ಸಾಮಾನು ಪಟ್ಟಿಯ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ಬರೆಯಬೇಕು. ಪ್ರತಿ ಪೆಟ್ಟಿಗೆಗೂ ಸಂಖ್ಯೆ ಅಂಟಿಸಿ, ಪಟ್ಟಿಯಲ್ಲಿ ಅದರ ಎದುರು ಸ್ಥಿತಿಯನ್ನು ನಮೂದಿಸುವ ಕ್ರಮವಿದೆ. ನಮಗೆ ಕೊಟ್ಟ ಪಟ್ಟಿಯಲ್ಲಿ ಬೀರು, ಊಟದ ಮೇಜು, ಕನ್ನಡಿ ಹೀಗೆ ಬಹುಪಾಲು ಪೀಠೋಪಕರಣಗಳ ಎದುರಿಗೆ ‘ಹಳೆಯ ಗೀರು ಇದೆ’ ಎಂಬ ಒಂದೇ ಷರಾ ಇತ್ತು. ಹೊಸದಾಗಿ ಪಾಲಿಶ್ ಮಾಡಿಸಿದ್ದ ಮೇಜನ್ನೂ ಬಿಟ್ಟಿರಲಿಲ್ಲ. ಅದಕ್ಕೆ ಸಹಿ ಹಾಕಿದ ಮೇಲೆ ದಾರಿಯಲ್ಲಿ ಬಿದ್ದ ಗೀರಿಗೆ ಪರಿಹಾರ ಕೇಳಲು ಆಧಾರವೇ ಉಳಿಯುವುದಿಲ್ಲ. ನನ್ನ ಪತ್ನಿ ಒಂದೊಂದು ವಸ್ತುವಿನ ಬಳಿ ನಿಂತು, ಎಲ್ಲಿ ಗೀರಿದೆ ತೋರಿಸಿ ಎಂದು ಕೇಳಿ, ಇಲ್ಲದ ಕಡೆಯಲ್ಲೆಲ್ಲ ಷರಾ ಹೊಡೆದುಹಾಕಿಸಿ, ಪಕ್ಕದಲ್ಲಿ ಮೇಲ್ವಿಚಾರಕರ ಕಿರುಸಹಿ ಪಡೆದಳು. ಕೆಲಸ ಒಂದು ಗಂಟೆ ನಿಧಾನವಾಯಿತು, ಆದರೆ ಆ ಕಾಗದ ಆಮೇಲೆ ಉಪಯೋಗಕ್ಕೆ ಬಂತು. ಪ್ಯಾಕಿಂಗ್‌ಗೆ ಮುನ್ನ ಪ್ರತಿ ವಸ್ತುವಿನ ಫೋಟೊ ತೆಗೆದಿಟ್ಟುಕೊಳ್ಳುವುದೂ ಅಷ್ಟೇ ಅಗತ್ಯ. ವಿಮೆಯ ಷರತ್ತುಗಳನ್ನೂ ಇದರೊಂದಿಗೇ ಓದಬೇಕು. ನಾವೇ ತುಂಬಿ ಅಂಟು ಹಾಕಿದ ಪೆಟ್ಟಿಗೆಯೊಳಗಿನ ನಷ್ಟವನ್ನು ಹಲವು ಪಾಲಿಸಿಗಳು ಒಪ್ಪುವುದಿಲ್ಲ. ಹಳೆಯ ವಸ್ತುವಿಗೆ ಸವಕಳಿ ಕಳೆದ ಬೆಲೆಯನ್ನು ಮಾತ್ರ ಕೊಡುವ ಪಾಲಿಸಿಗಳೂ ಇವೆ.

ಸಾಗಣೆ ಹಲವು ಮನೆಗಳ ಸಾಮಾನು ಒಟ್ಟಿಗೆ ಹೋಗುವ ಲಾರಿಯಲ್ಲಿ ನಡೆಯಿತು. ಇದರಲ್ಲಿ ಖರ್ಚು ಕಡಿಮೆ, ಆದರೆ ತಲುಪುವ ದಿನ ನಿಖರವಾಗಿರುವುದಿಲ್ಲ.

ಈಗ ಇಳಿಸುವ ದಿನಕ್ಕೆ ಬರುತ್ತೇನೆ. ನಗರದೊಳಗೆ ಹಗಲು ಹೊತ್ತು ದೊಡ್ಡ ಲಾರಿಗಳಿಗೆ ಪ್ರವೇಶ ನಿರ್ಬಂಧಿಸುವ ಪದ್ಧತಿ ಜಗತ್ತಿನ ಅನೇಕ ಕಡೆ ಇದೆ. ಅದನ್ನು ತಿಳಿದಿರಬೇಕಾದದ್ದು ಸಂಸ್ಥೆಯ ಕೆಲಸ. ಲಾರಿ ಬೆಳಿಗ್ಗೆ ನಗರದ ಅಂಚಿನಲ್ಲಿ ನಿಂತಿತು. ಸಾಮಾನನ್ನು ಚಿಕ್ಕ ವಾಹನಕ್ಕೆ ಬದಲಾಯಿಸಬೇಕು, ಅದಕ್ಕೆ ಬೇರೆ ಹಣವಾಗುತ್ತದೆ ಎಂಬ ಫೋನ್ ಬಂತು. ನಮ್ಮ ಸಾಮಾನೆಲ್ಲ ಅವರ ವಶದಲ್ಲಿರುವಾಗ ಬರುವ ಇಂಥ ಬೇಡಿಕೆಗೆ ಒಪ್ಪದೆ ಬೇರೆ ದಾರಿಯಿರುವುದಿಲ್ಲ. ಚಿಕ್ಕ ವಾಹನ ಬಂದ ಮೇಲೆ, ಕಟ್ಟಡದ ಲಿಫ್ಟನ್ನು ಸಾಮಾನು ಸಾಗಿಸಲು ಬಳಸಬೇಕಾದರೆ ಮುಂಚಿತ ಅನುಮತಿ ಬೇಕು ಎಂದು ಕಾವಲುಗಾರ ತಡೆದ. ಅನುಮತಿ ಸಿಗುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು, ಬೀರು ಲಿಫ್ಟಿನಲ್ಲಿ ಹಿಡಿಸಲಿಲ್ಲ, ಮೆಟ್ಟಿಲಿನ ತಿರುವಿನಲ್ಲಿ ಅದರ ಬಾಗಿಲಿನ ಅಂಚು ಗೋಡೆಗೆ ತಾಗಿ ಸಿಬಿರೆದ್ದಿತು. ಕತ್ತಲಾಗುವ ಹೊತ್ತಿಗೆ ಕೆಲಸಗಾರರು ದಣಿದಿದ್ದರು, ಎಲ್ಲ ಸರಿಯಾಗಿ ಬಂದಿದೆ ಎಂಬ ಕಾಗದಕ್ಕೆ ಸಹಿ ಪಡೆದು ಹೊರಡುವ ಆತುರದಲ್ಲಿದ್ದರು. ಅವರ ದಣಿವು ನನಗೆ ಅರ್ಥವಾಗುತ್ತಿತ್ತು, ತಪ್ಪು ಅವರದಲ್ಲ, ಮುಂಚಿತವಾಗಿ ಕೇಳಬೇಕಾದ್ದನ್ನು ಕೇಳದ ಕಚೇರಿಯದು. ಆದರೂ ಪೆಟ್ಟಿಗೆಗಳ ಸಂಖ್ಯೆಯನ್ನು ಪಟ್ಟಿಯೊಂದಿಗೆ ತಾಳೆ ನೋಡಿ, ಬೀರುವಿನ ಹಾನಿಯನ್ನು ಅದೇ ಕಾಗದದ ಮೇಲೆ ಬರೆದ ನಂತರವೇ ಸಹಿ ಹಾಕಿದೆವು.

ಈ ಕಾರಣಕ್ಕಾಗಿ ದರಪಟ್ಟಿ ಕೇಳುವಾಗಲೇ ಈ ಸಂಗತಿಗಳು ಬರಹದಲ್ಲಿ ಇತ್ಯರ್ಥವಾಗಬೇಕು: ಲಾರಿ ಮನೆಯ ಗೇಟಿನವರೆಗೆ ಬರುತ್ತದೆಯೇ, ಬಾರದಿದ್ದರೆ ಚಿಕ್ಕ ವಾಹನದ ಬಾಡಿಗೆ ಯಾರದು, ವಾಹನ ನಿಲ್ಲುವ ಜಾಗದಿಂದ ಬಾಗಿಲಿಗೆ ದೂರವಿದ್ದರೆ ಹೆಚ್ಚುವರಿ ಕೂಲಿ ಇದೆಯೇ, ಲಿಫ್ಟ್ ಇಲ್ಲದಿದ್ದರೆ ಮಹಡಿಗೆ ಎಷ್ಟು, ಬಿಚ್ಚಿದ ಮಂಚವನ್ನು ಮತ್ತೆ ಜೋಡಿಸಿಕೊಡುತ್ತಾರೆಯೇ, ಖಾಲಿ ಪೆಟ್ಟಿಗೆಗಳನ್ನು ಒಯ್ಯುತ್ತಾರೆಯೇ. ಹೊಸ ಮನೆಯ ಮಾಲೀಕರನ್ನು ಅಥವಾ ಕಟ್ಟಡದ ಸಂಘವನ್ನು ಸಾಮಾನು ಇಳಿಸುವ ಸಮಯದ ನಿಯಮಗಳ ಬಗ್ಗೆ ನೀವೇ ವಿಚಾರಿಸಿ, ಬಾಗಿಲು, ಲಿಫ್ಟು, ಮೆಟ್ಟಿಲಿನ ತಿರುವುಗಳ ಅಳತೆ ತೆಗೆಸಿಕೊಳ್ಳಿ. ಹಿಡಿಸದ ಬೀರುವನ್ನು ಹಳೆಯ ಊರಿನಲ್ಲೇ ಮಾರುವುದು ಲೇಸು. ಸಾಮಾನು ಒಳಗೆ ಬರುವ ಮೊದಲು ಖಾಲಿ ಮನೆಯ ಗೋಡೆ, ನೆಲ, ನಲ್ಲಿ, ಮೀಟರುಗಳ ಫೋಟೊ ತೆಗೆದು ಮಾಲೀಕರಿಗೆ ಕಳುಹಿಸುವುದನ್ನೂ ಮರೆಯಬಾರದು, ಇಲ್ಲವಾದರೆ ಮುಂದೊಂದು ದಿನ ಠೇವಣಿ ವಾಪಸು ಪಡೆಯುವಾಗ ಮಾತಿಗೆ ಮಾತು ಬೆಳೆಯುತ್ತದೆ.

ಮನೆ ಹುಡುಕಿಕೊಡುವ ನೆರವನ್ನು ನಾನು ಶಿಫಾರಸು ಮಾಡಲಾರೆ. ತೋರಿಸಿದ ಮನೆಗಳು ಕೆಟ್ಟವಾಗಿರಲಿಲ್ಲ, ಆದರೆ ಎಲ್ಲವನ್ನೂ ರಜೆಯ ದಿನ, ರಸ್ತೆಗಳು ಖಾಲಿಯಿದ್ದ ಹೊತ್ತಿನಲ್ಲಿ ತೋರಿಸಿದರು. ಊರಿಗೆ ಹೊಸಬರಿಗೆ ಬೇಕಾದದ್ದು ಕೆಲಸದ ದಿನದ ಬೆಳಿಗ್ಗೆ ಆ ಮನೆಯಿಂದ ಕಚೇರಿಗೆ, ಶಾಲೆಗೆ ತಲುಪಲು ಎಷ್ಟು ಹೊತ್ತು ಹಿಡಿಯುತ್ತದೆ, ನೀರು ದಿನವೆಲ್ಲ ಬರುತ್ತದೆಯೇ, ಕೋಣೆಯೊಳಗೆ ಮೊಬೈಲ್ ಸಿಗ್ನಲ್ ಸಿಗುತ್ತದೆಯೇ, ರಾತ್ರಿ ಬೀದಿ ಹೇಗಿರುತ್ತದೆ ಎಂಬ ವಿವರ. ಇದನ್ನು ದಲ್ಲಾಳಿಯ ಒಂದು ಸುತ್ತಿನಲ್ಲಿ ತಿಳಿಯಲಾಗದು. ಸಾಧ್ಯವಿರುವವರು ಸಾಮಾನನ್ನು ಗೋದಾಮಿನಲ್ಲಿಟ್ಟು, ಕೆಲವು ವಾರ ತಾತ್ಕಾಲಿಕ ವಸತಿಯಲ್ಲಿದ್ದು, ಬೀದಿಗಳಲ್ಲಿ ಓಡಾಡಿ ಮನೆ ಗೊತ್ತುಮಾಡುವುದು ಒಳ್ಳೆಯದು. ಗೋದಾಮಿನ ಸೇವೆ ಈ ಸಂಸ್ಥೆಯಲ್ಲಿ ತೃಪ್ತಿಕರವಾಗಿತ್ತು: ಸಾಮಾನು ನೆಲಕ್ಕೆ ತಾಗದಂತೆ ಮರದ ಹಲಗೆಗಳ ಮೇಲಿತ್ತು, ಬೂಷ್ಟು ಹಿಡಿಯದಂತೆ ಫ್ರಿಜ್ಜಿನ ಬಾಗಿಲನ್ನು ತುಸು ತೆರೆದೇ ಇಟ್ಟಿದ್ದರು, ಹಾಸಿಗೆಗಳಿಗೆ ತೇವ ತಟ್ಟಿರಲಿಲ್ಲ.

ಬೀರುವಿನ ಹಾನಿಗೆ ಫೋಟೊ, ತಿದ್ದಿಸಿದ ಪಟ್ಟಿ ಮತ್ತು ಸಹಿಯ ಕಾಗದ ಮೂರನ್ನೂ ಮರುದಿನವೇ ಕಳುಹಿಸಿದೆವು. ಸಂಸ್ಥೆ ವಾದ ಮಾಡದೆ ಬಡಗಿಯೊಬ್ಬರನ್ನು ಕಳುಹಿಸಿ ಬಾಗಿಲಿನ ಅಂಚನ್ನು ಸರಿಮಾಡಿಸಿತು; ಚಿಕ್ಕ ವಾಹನದ ಹೆಚ್ಚುವರಿ ಹಣವನ್ನು ಮಾತ್ರ ಹಿಂದಿರುಗಿಸಲಿಲ್ಲ, ಏಕೆಂದರೆ ಅದರ ಬಗ್ಗೆ ಕರಾರಿನಲ್ಲಿ ಒಂದು ಸಾಲೂ ಇರಲಿಲ್ಲ. ಪ್ಯಾಕಿಂಗ್ ಮತ್ತು ಗೋದಾಮಿಗಾಗಿ ಇವರನ್ನು ಮತ್ತೆ ಕರೆಯಲು ನನಗೆ ಅಭ್ಯಂತರವಿಲ್ಲ. ಇಳಿಸುವ ಮನೆಗೂ ಸಮೀಕ್ಷೆಗೆ ಜನ ಕಳುಹಿಸುತ್ತೇವೆ ಎಂದು ಬರೆದುಕೊಟ್ಟ ನಂತರವೇ ಮುಂಗಡ ಕೊಡುತ್ತೇನೆ.