ವಿಶ್ರಾಂತಿಯ ಹಕ್ಕು, ಹವಾಮಾನದ ಹೊಣೆ: ಒಂದು ಸಂಘದ ಸೇವೆಯ ವಿಮರ್ಶೆ

ಅಮೆರಿಕದ ವಿಮಾನ ಪರಿಚಾರಕರ ಸಂಘವಾದ ಎಎಫ್‌ಎ ತನ್ನ ಸದಸ್ಯರಿಗೆ ಸಲ್ಲಿಸಿರುವ ಸೇವೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ವಿಶ್ರಾಂತಿಯ ನಿಯಮಕ್ಕೆ: ಎರಡು ಪಾಳಿಗಳ ನಡುವೆ ಕಡಿತಗೊಳಿಸಲಾಗದ 10 ಗಂಟೆಗಳ ಬಿಡುವು ಇರಬೇಕೆಂದು 2018ರಲ್ಲೇ ಕಾಯ್ದೆಯಾದರೂ ಅಂತಿಮ ನಿಯಮ ಹೊರಬಿದ್ದದ್ದು 2022ರ ಅಕ್ಟೋಬರಿನಲ್ಲಿ, ಮತ್ತು ಅಲ್ಲಿಯವರೆಗೂ ಸಂಘ ಪಟ್ಟು ಸಡಿಲಿಸಲಿಲ್ಲ.

ಅಧ್ಯಕ್ಷೆ ಸಾರಾ ನೆಲ್ಸನ್ 2019ರಲ್ಲಿ ಗ್ರೀನ್ ನ್ಯೂ ಡೀಲ್ ಅನ್ನು, ಅಂದರೆ ಹವಾಮಾನ ಬದಲಾವಣೆಯನ್ನು ಎದುರಿಸುವ ಅಮೆರಿಕದ ಯೋಜನೆಯ ಪ್ರಸ್ತಾಪವನ್ನು, ಬೆಂಬಲಿಸಿದ್ದು ದಿಟ್ಟ ನಡೆ. ವಾತಾವರಣ ಬಿಸಿಯಾದಂತೆ ಹೆಚ್ಚುವ ಗಾಳಿಯ ಕ್ಷೋಭೆಯಲ್ಲಿ, ಪಟ್ಟಿ ಬಿಗಿದು ಕುಳಿತ ಪ್ರಯಾಣಿಕರಿಗಿಂತ ಹಜಾರದಲ್ಲಿ ಗಾಡಿ ತಳ್ಳುವ ಪರಿಚಾರಕರೇ ಹೆಚ್ಚು ಅಪಾಯಕ್ಕೆ ಸಿಲುಕುತ್ತಾರೆ.

ವೇತನದಲ್ಲಿ ಮಾತ್ರ ಸಾಧನೆ ಸಾಲದು. ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ ಹೊತ್ತಿನ ದುಡಿಮೆಗೆ 2022ರಲ್ಲಿ ಅರ್ಧ ವೇತನ ನೀಡತೊಡಗಿದ್ದು, ಪರಿಚಾರಕರಿಗೆ ಸಂಘವೇ ಇಲ್ಲದ ಡೆಲ್ಟಾ ವಿಮಾನಯಾನ ಸಂಸ್ಥೆ. ಅಲ್ಲಿ ಸಂಘ ಕಟ್ಟಲು ಎಎಫ್‌ಎ ನಡೆಸುತ್ತಿದ್ದ ಪ್ರಯತ್ನದ ಒತ್ತಡವೂ ಇದಕ್ಕೆ ಕಾರಣವೆಂದೇ ನಾನು ಭಾವಿಸುತ್ತೇನೆ.