ದುಬಾರಿ ರೇಸಿಂಗ್ ವೀಲ್: ಮೋಟರ್ ಗಟ್ಟಿ, ಸುತ್ತಲಿನದ್ದೆಲ್ಲ ಸಡಿಲ

ಮೋಟರ್‌ಗೆ ಪೂರ್ತಿ ಅಂಕ. ಉಳಿದ ಭಾಗಗಳಿಗೆ ಪಾಸ್ ಮಾರ್ಕ್ಸ್ ಕೊಡುವುದೂ ಕಷ್ಟ. ಕಸ್ಟಮರ್ ಸಪೋರ್ಟ್‌ಗೆ ಸೊನ್ನೆ.

ಕಾರ್ ರೇಸಿಂಗ್ ಗೇಮ್ ಆಡಲು ಕೊಂಡ ಈ ಸ್ಟೀರಿಂಗ್ ವೀಲ್ ಅನ್ನು ವಾರಂಟಿ ಇದ್ದಷ್ಟು ಕಾಲವೂ ಬಳಸಿದ್ದೇನೆ, ಅದು ಮುಗಿದ ಮೇಲೂ ಬಳಸುತ್ತಿದ್ದೇನೆ. ಡಬ್ಬ ತೆರೆದ ವಾರದಲ್ಲೇ ಬರೆದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲಿ ಹೊಗಳಿಕೆಯೇ ಜಾಸ್ತಿ. ಅದು ಸುಳ್ಳೇನಲ್ಲ, ಮೊದಲ ವಾರದಲ್ಲಿ ಇದು ನಿಜಕ್ಕೂ ಚೆನ್ನಾಗಿಯೇ ಇರುತ್ತದೆ. ಆದರೆ ಇಷ್ಟು ದುಡ್ಡು ಸುರಿದು ಯಾರೂ ಒಂದು ವಾರಕ್ಕೆಂದು ವೀಲ್ ಕೊಳ್ಳುವುದಿಲ್ಲ. ಹಾಗಾಗಿ ಆಮೇಲೆ ಏನಾಯಿತು ಅನ್ನುವುದನ್ನು ಬರೆಯುತ್ತಿದ್ದೇನೆ.

ನನ್ನ ಹತ್ತಿರ ಇರುವುದು ಡೈರೆಕ್ಟ್ ಡ್ರೈವ್ ಬೇಸ್ (ವೀಲ್ ಕೂರುವ, ಮೋಟರ್ ಇರುವ ಪೆಟ್ಟಿಗೆ), ಅದೇ ಕಂಪನಿಯ ಫಾರ್ಮುಲಾ ಮಾದರಿಯ ವೀಲ್, ಜೊತೆಗೆ ಲೋಡ್ ಸೆಲ್ ಬ್ರೇಕ್ ಇರುವ ಪೆಡಲ್‌ಗಳು. ಮೂರೂ ಒಂದೇ ಕಡೆಯದು.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಲಾಜಿಟೆಕ್ ಜಿ29ರಂಥ ವೀಲ್‌ನಲ್ಲಿ ಮೋಟರ್‌ನ ಬಲ ಗೇರ್‌ಗಳ ಮೂಲಕ ಕೈಗೆ ಬರುತ್ತದೆ. ಥ್ರಸ್ಟ್‌ಮಾಸ್ಟರ್ ಟಿ300ರಲ್ಲಿ ಬೆಲ್ಟ್ ಮೂಲಕ. ಗೇರ್ ಇದ್ದರೆ ಕಟಕಟ ಸದ್ದು, ಬೆಲ್ಟ್ ಇದ್ದರೆ ಸಣ್ಣಪುಟ್ಟ ಕಂಪನ ದಾರಿಯಲ್ಲೇ ಮಾಯ. ಡೈರೆಕ್ಟ್ ಡ್ರೈವ್‌ನಲ್ಲಿ ಮಧ್ಯೆ ಇವೆರಡೂ ಇಲ್ಲ, ವೀಲ್ ನೇರವಾಗಿ ಮೋಟರ್‌ನ ಶಾಫ್ಟ್‌ಗೆ ಕೂರುತ್ತದೆ. ಜಿ29 ಕೊಡುವ ಬಲ ಹೆಚ್ಚುಕಡಿಮೆ 2 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ ಇದು). ಡೈರೆಕ್ಟ್ ಡ್ರೈವ್ ಬೇಸ್‌ಗಳು ಸಾಮಾನ್ಯವಾಗಿ 5ರ ಆಸುಪಾಸಿನಿಂದ ಶುರುವಾಗಿ 20 ದಾಟಿ ಹೋಗುತ್ತವೆ. ಒಂದು ಟೈರ್ ಟ್ರ್ಯಾಕ್ ಅಂಚಿನ ಉಬ್ಬು ಪಟ್ಟಿ (ಕರ್ಬ್) ಹತ್ತಿದರೂ ಅಂಗೈಗೆ ಗೊತ್ತಾಗುತ್ತದೆ. ಹಿಂದಿನ ಟೈರ್ ಜಾರತೊಡಗಿದ ಕೂಡಲೇ ಕೈ ತಾನಾಗಿ ತಿದ್ದಿಕೊಳ್ಳುತ್ತದೆ. ಉದ್ದದ ರೇಸ್‌ನಲ್ಲಿ ಬೇಸ್ ಬಿಸಿಯಾಗುತ್ತದೆ, ಆದರೆ ಬಲ ಕಡಿಮೆಯಾದದ್ದು ನನ್ನ ಅನುಭವಕ್ಕೆ ಬಂದಿಲ್ಲ. ಮೋಟರ್ ಬಗ್ಗೆ ಇವತ್ತಿಗೂ ನನ್ನ ದೂರಿಲ್ಲ.

ದೂರು ಇರುವುದು ಆ ಮೋಟರ್‌ನ ಸುತ್ತ ಕಟ್ಟಿದ ಸಾಮಾನಿನ ಮೇಲೆ.

ಮೊದಲು ಕೈಕೊಟ್ಟದ್ದು ಕ್ವಿಕ್ ರಿಲೀಸ್. ವೀಲ್ ಅನ್ನು ಬೇಸ್‌ಗೆ ಸಿಕ್ಕಿಸುವ ಜಾಗ ಅದು. ಒಳಗಿನ ಪ್ಲಾಸ್ಟಿಕ್ ಬಳೆ ಸವೆದು ಅಲ್ಲಾಟ ಬಂತು. ನೋಡಿದರೆ ಗೊತ್ತಾಗದಷ್ಟು ಸಣ್ಣದು, ಕೈಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ನೇರ ರಸ್ತೆಯಲ್ಲಿ ವೀಲ್ ಅನ್ನು ಸ್ವಲ್ಪ ಆ ಕಡೆ ಈ ಕಡೆ ಮಾಡಿದರೆ ಟಕ್ ಟಕ್ ಅನ್ನುತ್ತದೆ, ಆ ಟಕ್ ಮಧ್ಯೆ ಫೋರ್ಸ್ ಫೀಡ್‌ಬ್ಯಾಕ್, ಅಂದರೆ ಮೋಟರ್ ಕೈಗೆ ಕೊಡುವ ಒತ್ತಡ, ಸತ್ತಿರುತ್ತದೆ. ರಸ್ತೆಯ ಅತಿ ಸಣ್ಣ ಸುದ್ದಿಯನ್ನೂ ಕೈಗೆ ಮುಟ್ಟಿಸುತ್ತೇವೆ ಅಂತ ಹೇಳಿ ಮಾರುವ ವಸ್ತು ಇದು. ಅಷ್ಟು ಬಲದ ಮೋಟರ್ ಕೊಟ್ಟವರು ಆ ಬಲವನ್ನು ತಡೆದುಕೊಳ್ಳುವ ಜಾಯಿಂಟನ್ನೂ ಕೊಡಬೇಕು ಅಲ್ವಾ? ಆ ಬಳೆಯೊಂದನ್ನೇ ಕೊಡಿ, ದುಡ್ಡು ಕೊಡುತ್ತೇನೆ ಅಂತ ಕೇಳಿದೆ. ಬಿಡಿ ಭಾಗವಾಗಿ ಮಾರುವುದಿಲ್ಲ ಅನ್ನುವ ಉತ್ತರ ಬಂತು.

ಆಮೇಲೆ ಪ್ಯಾಡಲ್ ಶಿಫ್ಟರ್, ಅಂದರೆ ವೀಲ್ ಹಿಂದೆ ಬೆರಳಿಗೆ ಸಿಗುವ ಗೇರ್ ಬದಲಿಸುವ ಎಲೆ. ನಿಜವಾಗಿ ಆಟ ಕೆಡಿಸಿದ್ದು ಇದು. ಒಂದು ಸಲ ಒತ್ತಿದರೆ ಎರಡು ಗೇರ್ ಬದಲಾಗತೊಡಗಿತು. ಗೇಮ್‌ನಲ್ಲಿ ಇಟಲಿಯ ಮೊನ್ಜಾ ರೇಸ್ ಟ್ರ್ಯಾಕ್ ಓಡಿಸಿದವರಿಗೆ ಇದರ ಕಷ್ಟ ತಕ್ಷಣ ಅರ್ಥವಾಗುತ್ತದೆ. ಉದ್ದನೆಯ ನೇರ ರಸ್ತೆ ಮುಗಿಯುತ್ತಲೇ ಮೊದಲ ಶಿಕೇನ್ (ಒಂದರ ಹಿಂದೆ ಒಂದು ಬರುವ ಬಿಗಿ ತಿರುವುಗಳು) ಬರುತ್ತದೆ. ಪೂರ್ತಿ ವೇಗದಿಂದ ಬ್ರೇಕ್ ಹಾಕುತ್ತಾ ಒಂದೊಂದೇ ಗೇರ್ ಇಳಿಸಬೇಕು. ಅಲ್ಲಿ ಲೆಕ್ಕಕ್ಕಿಂತ ಒಂದು ಗೇರ್ ಜಾಸ್ತಿ ಇಳಿದರೆ ಹಿಂದಿನ ಚಕ್ರಗಳು ಲಾಕ್ ಆಗಿ ಕಾರು ಗಿರಕಿ ಹೊಡೆಯುತ್ತದೆ. ಹಿಂದೆ ಬರುತ್ತಿದ್ದವರ ರೇಸ್ ಕೂಡ ಹಾಳು. ಆನ್‌ಲೈನ್ ರೇಸ್‌ನಲ್ಲಿ ತಪ್ಪು ನನ್ನದಲ್ಲ, ಪ್ಯಾಡಲ್‌ದು ಅಂತ ಯಾರಿಗೆ ಹೇಳುವುದು? ಪೆನಾಲ್ಟಿ ಬೀಳುವುದು ಓಡಿಸಿದವರ ಹೆಸರಿಗೇ.

ವಾರಂಟಿ ಮುಗಿದ ಮೇಲೆ ವೀಲ್ ಬಿಚ್ಚಿ ನೋಡಿದೆ. ಮೇಲೆ ಕಾರ್ಬನ್ ಫೈಬರ್ ತಟ್ಟೆ, ಪ್ಯಾಡಲ್‌ಗೆ ಲೋಹದ ಎಲೆ, ಎಳೆದರೆ ಖಡಕ್ ಅನ್ನಲು ಆಯಸ್ಕಾಂತ. ಇಷ್ಟೆಲ್ಲದರ ಕೊನೆಗೆ ಕೆಲಸ ಮಾಡುವುದು ಉಗುರಿನಷ್ಟು ದೊಡ್ಡದೊಂದು ಮೈಕ್ರೋಸ್ವಿಚ್. ಕಂಪ್ಯೂಟರ್ ಮೌಸ್‌ನಲ್ಲಿ ಇರುತ್ತದಲ್ಲ, ಅದೇ ಜಾತಿಯದು. ಅದರೊಳಗೆ ತೆಳುವಾದ ಲೋಹದ ಪಟ್ಟಿಯೊಂದು ಸ್ಪ್ರಿಂಗ್‌ನಂತೆ ಬಾಗಿ ಕಾಂಟ್ಯಾಕ್ಟ್ ಮುಟ್ಟುತ್ತದೆ. ಮುಟ್ಟುವಾಗ ಒಂದೆರಡು ಸಲ ಪುಟಿಯುತ್ತದೆ, ಹೊಸ ಸ್ವಿಚ್‌ನಲ್ಲೂ ಹಾಗೆಯೇ. ಕೆಲವು ಮಿಲಿಸೆಕೆಂಡ್‌ಗಳ ಆ ಪುಟಿತವನ್ನು ಫರ್ಮ್‌ವೇರ್ (ವೀಲ್‌ನೊಳಗಿನ ಸಾಫ್ಟ್‌ವೇರ್) ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪಟ್ಟಿ ಸವೆದಂತೆ ಪುಟಿತ ಉದ್ದವಾಗುತ್ತದೆ. ಫರ್ಮ್‌ವೇರ್ ಕಾಯುವ ಹೊತ್ತನ್ನು ಅದು ಮೀರಿದ ದಿನದಿಂದ ಒಂದು ಒತ್ತು ಎರಡಾಗುತ್ತದೆ. ಈ ಜಾತಿಯ ಸ್ವಿಚ್‌ಗಳಲ್ಲಿ ಗಟ್ಟಿಯಾದವೂ ಸಿಗುತ್ತವೆ. ಇಡೀ ವೀಲ್‌ನ ಬೆಲೆಯ ಮುಂದೆ ಅವುಗಳ ಬೆಲೆ ಲೆಕ್ಕಕ್ಕೇ ಬರುವುದಿಲ್ಲ. ಕಣ್ಣಿಗೆ ಕಾಣುವ ಕಡೆ ಕಾರ್ಬನ್ ಫೈಬರ್ ಹಾಕಿ, ಕಾಣದ ಕಡೆ ಹೀಗೆ ಉಳಿತಾಯ ಮಾಡಿದ್ದು ನೋಡಿ ತುಂಬಾ ಸಿಟ್ಟು ಬಂತು. ಹಳೆಯದನ್ನು ತೆಗೆದು ಒಳ್ಳೆಯ ಸ್ವಿಚ್ ಬೆಸುಗೆ ಹಾಕಿದೆ. ಅವತ್ತಿನಿಂದ ಆ ತೊಂದರೆ ಇಲ್ಲ.

ಪೆಡಲ್ ಕಥೆ ಚಿಕ್ಕದು. ಲೋಡ್ ಸೆಲ್ ಅಂದರೆ ಪೆಡಲ್ ಎಷ್ಟು ದೂರ ಹೋಯಿತು ಅಂತ ನೋಡದೆ, ಕಾಲು ಎಷ್ಟು ಬಲ ಹಾಕಿತು ಅಂತ ಅಳೆಯುವ ಸೆನ್ಸರ್. ನಿಜವಾದ ರೇಸ್ ಕಾರಿನ ಬ್ರೇಕ್‌ಗೆ ಹತ್ತಿರ, ಅಭ್ಯಾಸವಾದರೆ ಬೇರೆಯದು ಬೇಡ ಅನ್ನಿಸುತ್ತದೆ. ಸೆನ್ಸರ್ ಕೆಟ್ಟಿಲ್ಲ. ಅದರಿಂದ ಹೊರಡುವ ತೆಳು ವೈರ್ ಪೆಡಲ್ ಜೊತೆ ಪ್ರತಿ ಸಲ ಬಾಗಿ ಬಾಗಿ ಒಳಗೇ ತುಂಡಾಯಿತು. ಬ್ರೇಕ್ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಆ ವೈರ್‌ಗೆ ಸ್ವಲ್ಪ ಸಡಿಲ ಬಿಟ್ಟು ಒಂದು ಕ್ಲಿಪ್ ಹಾಕಿದ್ದರೆ ಸಾಕಿತ್ತು.

ಇನ್ನು ಸಪೋರ್ಟ್. ವಸ್ತು ಕೆಡುವುದು ಸಹಜ, ಅದನ್ನು ಕ್ಷಮಿಸಬಹುದು. ಕೆಟ್ಟ ಮೇಲೆ ಕಂಪನಿ ನಡೆದುಕೊಂಡ ರೀತಿಯನ್ನು ಕ್ಷಮಿಸಲು ಮನಸ್ಸು ಬರುವುದಿಲ್ಲ.

ಪ್ಯಾಡಲ್ ಬಗ್ಗೆ ದೂರು ಕೊಟ್ಟಾಗ ಮೊದಲು ಬಂದದ್ದು ಯಂತ್ರದ ಉತ್ತರ. ಆಮೇಲೆ ಬಂದವರು ಬಿಲ್, ಸೀರಿಯಲ್ ನಂಬರ್, ವಿಡಿಯೊ ಕೇಳಿದರು. ಕೊಟ್ಟೆ. ಬೇರೆ ಯುಎಸ್‌ಬಿ ಪೋರ್ಟ್‌ಗೆ ಹಾಕಿ ನೋಡಿ ಅಂದರು. ನೋಡಿದೆ. ಫರ್ಮ್‌ವೇರ್ ಮತ್ತೆ ಹಾಕಿ ಅಂದರು. ಹಾಕಿದೆ. ಅಷ್ಟರಲ್ಲಿ ಟಿಕೆಟ್, ಅಂದರೆ ನನ್ನ ದೂರಿನ ಕಡತ, ಬೇರೆಯವರ ಕೈಗೆ ಹೋಗಿತ್ತು. ಅವರು ಮೊದಲಿನಿಂದ ಬಿಲ್, ಸೀರಿಯಲ್ ನಂಬರ್, ವಿಡಿಯೊ ಕೇಳಿದರು. ಮೇಲಿನ ಸಂದೇಶ ಓದಿದ್ದರೆ ಎಲ್ಲವೂ ಅಲ್ಲೇ ಇತ್ತು. ಅವರ ಉತ್ತರಕ್ಕೆ ನಾವು ವಾರಗಟ್ಟಲೆ ಕಾಯಬೇಕು. ನಮ್ಮ ಉತ್ತರ ಕೆಲವು ದಿನ ತಡವಾದರೆ ಟಿಕೆಟ್ ತಾನಾಗಿ ಮುಚ್ಚಿಹೋಗುತ್ತದೆ. ಇಂಥ ನಿಯಮ ಮಾಡಿದವರಿಗೆ ಗ್ರಾಹಕರ ಸಮಯದ ಬಗ್ಗೆ ಗೌರವ ಇಲ್ಲ, ಅಷ್ಟೇ.

ಕೊನೆಗೆ ವೀಲ್ ಕಳಿಸಿ ಅಂದರು. ಸಾಗಣೆ ಖರ್ಚು ನನ್ನದು, ಮೂಲ ಡಬ್ಬವೇ ಬೇಕು. ವಾಪಸ್ ಬಂದದ್ದು ನನ್ನ ವೀಲ್ ಅಲ್ಲ, ಯಾರೋ ಬಳಸಿದ್ದನ್ನು ದುರಸ್ತಿ ಮಾಡಿದ್ದು. ಹಿಡಿಯ ರಬ್ಬರ್ ನುಣುಪಾಗಿತ್ತು, ಗುಂಡಿಗಳ ಮೇಲಿನ ಅಕ್ಷರ ಅರ್ಧ ಅಳಿಸಿತ್ತು. ವಾರಂಟಿ ಮಾತ್ರ ಹಳೆಯ ತಾರೀಖಿನಿಂದಲೇ ಎಣಿಕೆ. ಅದರಲ್ಲೂ ಅದೇ ಜಾತಿಯ ಸ್ವಿಚ್ ಇತ್ತು, ಅದೂ ಅದೇ ಹಾದಿ ಹಿಡಿಯಿತು. ನಾನು ಬಿಚ್ಚಿ ಸರಿಮಾಡಿದ್ದು ಆ ಎರಡನೆಯ ವೀಲ್ ಅನ್ನು.

ಇದಕ್ಕೆಲ್ಲ ಬೇರು ಒಂದೇ ಅನ್ನಿಸುತ್ತದೆ. ಹಲವು ಕಂಪನಿಗಳ ಬೇಸ್‌ಗೆ ಅವರದೇ ವೀಲ್ ಹಾಕಬೇಕು. ಕ್ವಿಕ್ ರಿಲೀಸ್‌ಗೆ ಎಲ್ಲರೂ ಒಪ್ಪಿದ ಒಂದು ಅಳತೆ ಇಲ್ಲ. ಒಮ್ಮೆ ಬೇಸ್ ಕೊಂಡರೆ ಮುಂದಿನ ವೀಲ್‌ಗೂ ಅವರ ಹತ್ತಿರವೇ ಹೋಗಬೇಕು. ಗ್ರಾಹಕರು ಎಲ್ಲಿಗೂ ಹೋಗಲಾರರು ಅಂತ ಗೊತ್ತಿರುವ ಕಡೆ ಸಪೋರ್ಟ್‌ಗೆ ಜನ ಇಡಲು ಯಾರಿಗೂ ಆತುರ ಇರುವುದಿಲ್ಲ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಬಳಸುವವರ ಪಾಡು ಇನ್ನೂ ಕಷ್ಟ. ಅಲ್ಲಿ ಪರವಾನಗಿ ಪಡೆದ ವೀಲ್‌ಗಳೇ ನಡೆಯುತ್ತವೆ, ಆಯ್ಕೆ ಇನ್ನೂ ಕಡಿಮೆ. ಪಿಸಿಯಲ್ಲಿ ಒಂದು ದಾರಿ ಇದೆ. ಸ್ವಂತ ಯುಎಸ್‌ಬಿ ಇರುವ ಪೆಡಲ್ ಕೊಂಡರೆ ಯಾವ ಕಂಪನಿಯ ಬೇಸ್ ಜೊತೆಗಾದರೂ ಓಡುತ್ತದೆ. ಬೇಸ್‌ಗೆ ಸಿಕ್ಕಿಸುವ ಪೆಡಲ್‌ಗಿಂತ ಇದು ಎಷ್ಟೋ ವಾಸಿ.

2015ರಲ್ಲಿ ಬಂದ ಜಿ29 ಬಗ್ಗೆ ಒಂದು ಮಾತು. ಬಲದಲ್ಲಿ ಅದು ಇದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಅದನ್ನು ಬಳಸುವವರು ಅಷ್ಟು ಜನ ಇದ್ದಾರೆ. ಬಿಚ್ಚುವುದು ಹೇಗೆ, ಪೆಡಲ್ ಎಷ್ಟು ಒತ್ತಿದೆ ಅಂತ ಅಳೆಯುವ ಪೊಟೆನ್ಷಿಯೋಮೀಟರ್‌ಗೆ ಧೂಳು ಕೂತು ಸಿಗ್ನಲ್ ಕುಣಿದರೆ ಏನು ಮಾಡುವುದು, ಎಲ್ಲಕ್ಕೂ ಯಾರೋ ಉತ್ತರ ಬರೆದಿಟ್ಟಿದ್ದಾರೆ. ದುಬಾರಿ ವೀಲ್ ಕೊಂಡವರಿಗೆ ಆ ಆಸರೆ ಇಲ್ಲ, ಕಂಪನಿಯದೂ ಇಲ್ಲ.

ಹೊಸದಾಗಿ ಕೊಳ್ಳುವವರು ನ್ಯೂಟನ್ ಮೀಟರ್ ಆಮೇಲೆ ನೋಡಿ. ಮೊದಲು ಕಂಪನಿಯ ಸೈಟ್‌ನಲ್ಲಿ ಬಿಡಿ ಭಾಗಗಳ ಪುಟ ಇದೆಯಾ ನೋಡಿ. ಸ್ವಿಚ್, ವೈರ್, ಕ್ವಿಕ್ ರಿಲೀಸ್, ಪವರ್ ಅಡಾಪ್ಟರ್ ಬೇರೆಬೇರೆಯಾಗಿ ಸಿಗುತ್ತವಾ ನೋಡಿ. ಕೊಳ್ಳುವ ಮೊದಲೇ ಸಪೋರ್ಟ್‌ಗೆ ಒಂದು ಟೆಕ್ನಿಕಲ್ ಪ್ರಶ್ನೆ ಬರೆದು, ಎಷ್ಟು ದಿನಕ್ಕೆ ಎಂಥ ಉತ್ತರ ಬರುತ್ತದೆ ಅಂತ ಕಾಯಿರಿ. ವಾಪಸ್ ಕಳಿಸುವ ಖರ್ಚು ಯಾರದು ಅಂತ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ. ಡಬ್ಬ ಮತ್ತು ಒಳಗಿನ ಥರ್ಮಾಕೋಲ್ ಎಸೆಯಬೇಡಿ.

ನನ್ನ ಮಟ್ಟಿಗೆ ಬೇಸ್ ಇರುತ್ತದೆ, ಮೋಟರ್ ಓಡುವ ತನಕ ಓಡಿಸುತ್ತೇನೆ. ಪೆಡಲ್ ಆಗಲೇ ಬೇರೆ ಕಂಪನಿಯದು ಬಂದಿದೆ. ಮುಂದಿನ ಬೇಸ್ ಕೂಡ ಇವರದಾಗಿರುವುದಿಲ್ಲ.